ಅಳೇರ ಮನೆಗೆ ಹೇಳಿ ಬರುವುದು

ಚಿಕ್ಕಜಾಲದಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಮನೆಯೊಡತಿ ಅಜ್ಜಿ ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ ಹಿಂದಿನ ಕಿಟಕಿ ತೆರೆದರು. "ಗಾಳಿ ಬೆಳಕಿಗೇನೂ ಮೋಸ ಇಲ್ಲ ಕಣವ್ವ. ಇಂದ್ಗಡೆ ಅಳೇರ ಮನೆ ಒಂದೈತೆ, ಅಷ್ಟೆ. ಅವ್ರಿಂದೇನೂ ತೊಂದ್ರೆ ಇಲ್ಲ" ಎಂದರು. ಕಿಟಕಿಯಾಚೆ ಒಂದು ತುಂಡು ರಾಗಿ ಹೊಲ, ಅದರಾಚೆ ನೀಲಗಿರಿ ಮರಗಳ ಸಾಲು. ಮನೆ ಯಾವುದೂ ಕಾಣಲಿಲ್ಲ. ನಾನು ಗದಗಿನ ಕಡೆಯವಳು, ಬೆಂಗಳೂರಿಗೆ ಹೊಸಬಳು. ಅಳೇರು ಎಂದರೆ ಅಳುವವರು ಎಂದೇ ನನ್ನ ಕಿವಿ ಹಿಡಿದುಕೊಂಡಿತು. ಮರಗಳ ಹಿಂದೆ ಯಾವುದೋ ದುಃಖದ ಸಂಸಾರ ಇರಬೇಕು ಎಂದುಕೊಂಡೆ.

"ಯಾವಾಗ್ಲೂ ಹಂಗ ಇರ್ತಾರೇನ್ರಿ ಅವರು?" ಎಂದು ಕೇಳಿದೆ.

"ಊ ಕಣವ್ವ. ನಾನು ಮದ್ವೆಯಾಗಿ ಬಂದಾಗಿಂದ್ಲೂ ಅಂಗೇ ಅವ್ರೆ."

"ಯಾರೂ ಸಮಾಧಾನ ಮಾಡಂಗಿಲ್ಲೇನ್ರಿ?"

ಅಜ್ಜಿ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಅವ್ರು ಸಮಾಧಾನ್ವಾಗೇ ಅವ್ರಲ್ಲ!" ಎಂದರು.

ಬಾಡಿಗೆ ಕೈಗೆಟುಕುವಂತಿತ್ತು, ನೀರು ಚೆನ್ನಾಗಿತ್ತು, ಯಲಹಂಕಕ್ಕೆ ನೇರ ಬಸ್ಸಿತ್ತು. ಪಕ್ಕದ ಮನೆಯವರು ಅಳುವವರು ಎಂಬ ಒಂದೇ ಕಾರಣಕ್ಕೆ ಇಂಥ ಮನೆಯನ್ನು ಬಿಡುವಷ್ಟು ಕಲ್ಲು ಮನಸ್ಸಿನವಳಲ್ಲ ನಾನು. ಬಂದು ಸೇರಿಕೊಂಡೆ. ಆದರೆ ಕಿವಿ ಮಾತ್ರ ಹಿಂದಿನ ಕಿಟಕಿಯ ಕಡೆಗೇ ಇರುತ್ತಿತ್ತು. ಮೊದಲ ಭಾನುವಾರ ಬೆಳಿಗ್ಗೆ ನೀಲಗಿರಿ ತೋಪಿನಿಂದ ಕರುಳು ಹಿಂಡುವಂಥ ಕೂಗೊಂದು ಕೇಳಿಸಿತು. ಪಾಪ, ಶುರುವಾಯಿತು ಎಂದುಕೊಂಡೆ. ಅದು ನವಿಲು ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ನೆರೆಯವರ ಕಷ್ಟ ಕೇಳಿಯೂ ಕೇಳದವರ ಹಾಗೆ ಕೂತರೆ ಜನ ಮುಖಕ್ಕೆ ಉಗಿಯುತ್ತಾರೆ. ಹಾಗಾಗಿ ಊರಿಂದ ತಂದಿದ್ದ ಶೇಂಗಾ ಉಂಡೆಗಳನ್ನು ಡಬ್ಬಿಗೆ ಹಾಕಿಕೊಂಡು, ಸೀರೆ ಬದಲಿಸಿ, ಅಳುವವರನ್ನು ಮಾತಾಡಿಸಿಕೊಂಡು ಬರಲು ಹೊರಟೆ.

ಹೊಲದ ಬದುವಿನ ಮೇಲೆ ನಡೆದು ಮರಗಳನ್ನು ದಾಟಿದರೆ ಅಲ್ಲಿ ಮನೆ ಎಲ್ಲಿದೆ? ಬಟ್ಟಲನ್ನು ಬೋರಲು ಹಾಕಿದಂಥ ಒಂದು ಕಲ್ಲುಗುಪ್ಪೆ. ಸುತ್ತ ಗುಂಡುಕಲ್ಲುಗಳ ವೃತ್ತ. ಗುಪ್ಪೆಯ ನಡುವೆ ಎದೆಯೆತ್ತರದ ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಒಂದು ಕೋಣೆ, ಅದರ ಮೇಲೊಂದು ಭಾರಿ ಬಂಡೆಯ ಮುಚ್ಚಳ. ಪೂರ್ವಕ್ಕಿರುವ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ. ಅದರ ಅಂಚು ನುಣುಪಾಗಿತ್ತು. ಒಳಗೆ ಕತ್ತಲೆ, ತಂಪು, ಒಣಗಿದ ಎಲೆಗಳು. ಡಬ್ಬಿ ಹಿಡಿದುಕೊಂಡು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಹಿಂದೆಯೇ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿಯ ಮೊಮ್ಮಗಳು. ಆಗ ಅವಳಿನ್ನೂ ಕಾಲೇಜಿನಲ್ಲಿ ಓದುತ್ತಿದ್ದಳು.

"ಅಕ್ಕಾ, ಯಾರಿಗೆ ಉಂಡೆ?"

"ಇಲ್ಲಿ ಯಾರೋ ಅಳೋರು ಇದ್ದಾರಂತಲ್ಲವಾ?"

ಅವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. "ಅಕ್ಕಾ, ಹಳೇರ ಮನೆ! ಹ, ಹ! ಹಳೇ ಕಾಲದೋರ ಮನೆ. ನಮ್ಮಜ್ಜಿ ಬಾಯಲ್ಲಿ ಹಕಾರ ಬರಲ್ಲ, ಗೊತ್ತಿಲ್ವಾ?"

ಉಂಡೆಗಳನ್ನು ನಾವಿಬ್ಬರೇ ಅಲ್ಲಿ ಕೂತು ತಿಂದೆವು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ವಿಷಯ ಗೊತ್ತಾಗಿತ್ತು. ಇವತ್ತಿಗೂ ಅಂಗಡಿಗೆ ಹೋದರೆ ಹಿರಿಯ ಹೆಂಗಸರು, "ಏನವ್ವ, ಅಳೇರ್ಗೆ ಉಂಡೆ ಕೊಟ್ಯಾ?" ಎಂದು ಕೆಣಕುತ್ತಾರೆ. ನಾನೂ ಸುಮ್ಮನಿರುವವಳಲ್ಲ. "ಕೊಟ್ಟೀನ್ರಿ, ಉಪ್ಪು ಕಮ್ಮಿ ಅಂದ್ರು" ಎನ್ನುತ್ತೇನೆ.

ನನಗೆ ಈ ಪ್ರಸಂಗ ಚುಚ್ಚಲು ಇನ್ನೊಂದು ಕಾರಣವಿದೆ. ನನ್ನ ಹೊಟ್ಟೆಪಾಡೇ ಅಕ್ಷರ. ಯಲಹಂಕದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ತಪ್ಪು ಅಕ್ಷರ ಕಂಡರೆ ಮೈಮೇಲೆ ಜಿರಳೆ ಹರಿದಂತಾಗುತ್ತದೆ. ಹೋಟೆಲಿನಲ್ಲಿ 'ಚಿತ್ರನ' ಎಂದು ಬರೆದಿದ್ದರೆ ತಿಂಡಿ ತಿನ್ನುವುದಕ್ಕಿಂತ ಮೊದಲು ಗಲ್ಲಾದವರನ್ನು ಕರೆದು ಹೇಳುತ್ತೇನೆ. ಎಷ್ಟೋ ಹೋಟೆಲುಗಳಲ್ಲಿ ನನ್ನನ್ನು ಕಂಡ ಕೂಡಲೇ ಮಾಣಿಗಳು ಒಳಗೆ ಹೋಗಿಬಿಡುತ್ತಾರೆ. ಅಂಥವಳಿಗೆ ಒಂದು ಹಕಾರ ಕೈಕೊಟ್ಟಿತು.

ಆ ಕಲ್ಲುಕೋಣೆ ಹೊಸ ಶಿಲಾಯುಗದ್ದೋ, ಕಬ್ಬಿಣ ಬಂದ ಮೇಲಿನದ್ದೋ ಎಂಬ ವಾದವನ್ನು ತಿಳಿದವರಿಗೆ ಬಿಡುತ್ತೇನೆ. ಅದು ಸತ್ತವರನ್ನು ಇಟ್ಟ ಜಾಗ ಎಂಬುದು ಅಜ್ಜಿಗೂ ಗೊತ್ತಿತ್ತು. ಆದರೆ ಅವರ ಬಾಯಲ್ಲಿ ಸಮಾಧಿ, ಗೋರಿ ಎಂಬ ಮಾತು ಎಂದೂ ಬಂದಿಲ್ಲ. ಮನೆ ಎಂದೇ ಅನ್ನುತ್ತಿದ್ದರು. ಅದರಲ್ಲಿರುವವರು ತಮ್ಮ ವಂಶದವರು ಎಂದೂ ಹೇಳುತ್ತಿರಲಿಲ್ಲ. "ನಾವ್ ಬರಾಕ್ ಮುಂಚೆ ಇಲ್ಲಿದ್ದೋರು ಕಣವ್ವ. ನೆಲ ಅವ್ರ್ದು. ನಾವು ಆಮ್ಯಾಕೆ ಬಂದ್ವಿ" ಎನ್ನುತ್ತಿದ್ದರು. ಬಾಡಿಗೆ ಮನೆಯಲ್ಲಿದ್ದ ನನಗೆ ಈ ಮಾತು ಬಹಳ ಹಿಡಿಸಿತು.

ಅಜ್ಜಿಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮನೆಗೆ ಯಾರಾದರೂ ಬಂದು ಸೇರಿದರೆ, ಮನೆಯಿಂದ ಯಾರಾದರೂ ಹೊರಟರೆ, ಹಳೇರ ಮನೆಗೆ ಹೋಗಿ ಕಿಂಡಿಯ ಬಳಿ ಬಗ್ಗಿ ಹೇಳಿ ಬರಬೇಕು. ಅಷ್ಟೇ. ದೀಪವಿಲ್ಲ, ಕಾಯಿಲ್ಲ, ಕುಂಕುಮವಿಲ್ಲ. ಬರೀ ಮಾತು. ಕೂಸು ಹುಟ್ಟಿದರೆ ಅದನ್ನು ಎತ್ತಿಕೊಂಡು ಹೋಗಿ ಹೇಳುವುದು. ಹೊಸ ಹಸು ತಂದರೂ ಹೇಳುವುದು. ಅಜ್ಜಿಯ ಮಗ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರು. ಅವರು ಹೊಸ ಕಾರು ತಂದಾಗಲೂ ದೇವಸ್ಥಾನದ ಪೂಜೆಗಿಂತ ಮೊದಲು ಇಲ್ಲಿ ಹೇಳಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಮದುವೆ. ಮನೆಗೆ ಬರುವ ಸೊಸೆಯನ್ನು ಮೊದಲ ಬೆಳಿಗ್ಗೆ, ಮನೆಯಿಂದ ಹೊರಡುವ ಮಗಳನ್ನು ಅರಿಶಿನ ಹಚ್ಚಿದ ಸಂಜೆ, ಅಲ್ಲಿಗೆ ಕರೆದುಕೊಂಡು ಹೋಗಲೇಬೇಕು.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಅಜ್ಜಿ ತಮ್ಮ ಕತೆ ಹೇಳಿದರು. ಮದುವೆಯಾಗಿ ಬಂದ ಮೊದಲ ರಾತ್ರಿ ಅವರಿಗೆ ತವರಿನ ನೆನಪಾಗಿ ನಿದ್ದೆಯೇ ಬರಲಿಲ್ಲವಂತೆ. ಬೆಳಿಗ್ಗೆ ಅತ್ತೆ ಕೈ ಹಿಡಿದು ಎಲ್ಲಿಗೋ ಕರೆದುಕೊಂಡು ಹೋದರಂತೆ. ಕಲ್ಲು ಕಂಡು ಹೆದರಿ ಅತ್ತೆಯ ಸೆರಗು ಹಿಡಿದುಕೊಂಡರಂತೆ. ಅತ್ತೆ ಕಿಂಡಿಗೆ ಬಾಯಿಟ್ಟು, "ನಮ್ಮನೆಗೆ ಒಬ್ಳು ಬಂದವಳೆ. ಇನ್ ಮ್ಯಾಕೆ ಇವ್ಳೂ ನಮ್ಮೋಳೇ, ನೋಡ್ಕಳಿ" ಎಂದರಂತೆ.

"ಅಲ್ಲೀಗಂಟ ಯಾರೂ ನನ್ನ ನಮ್ಮೋಳು ಅಂದಿರ್ಲಿಲ್ಲ" ಎಂದರು ಅಜ್ಜಿ. "ಅವತ್ತಿಂದ ಈ ಮನೇಲಿ ನಂಗೆ ನಿದ್ದೆ ಬಂತು."

ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಅಜ್ಜಿಗೂ, ನಿಜ ಹೇಳಬೇಕೆಂದರೆ, ಹಳೇರು ಏನೋ ಮಾಡಿಬಿಡುತ್ತಾರೆ ಎಂಬ ಭಯಭಕ್ತಿ ಇರಲಿಲ್ಲ. "ಏಳ್ದೆ ಓದ್ರೆ ಏನಾಗ್ತದೆ?" ಎಂದು ಅವರದೇ ಉಚ್ಚಾರದಲ್ಲಿ ಕೆಣಕಿದ್ದೆ ಒಮ್ಮೆ. "ಏನೂ ಆಗಲ್ಲ. ಮರ್ಯಾದೆ ಅಲ್ಲ, ಅಷ್ಟೆ" ಎಂದರು. ಆದರೆ ಊರಿನಲ್ಲಿ ನಮ್ಮಪ್ಪನಿಗೆ ಆಪರೇಷನ್ ಎಂದು ಫೋನು ಬಂದು ನಾನು ಬ್ಯಾಗು ತುಂಬಿಕೊಂಡು ಓಡಿದ ದಿನ, ಬಸ್ಸು ತುಮಕೂರು ದಾಟುವ ಹೊತ್ತಿಗೆ ಮೊಮ್ಮಗಳ ಫೋನು ಬಂತು. "ಅಕ್ಕಾ, ಅಜ್ಜಿ ಹಳೇರ ಮನೆಗೆ ಹೋಗಿ ಹೇಳಿ ಬಂದ್ರು. ನಮ್ ಮ್ಯಾಲ್ಗಡೆಯೋಳು ಅಪ್ಪನ್ನ ನೋಡಾಕ್ ಓಗವಳೆ, ವಾಪಸ್ ಬತ್ತಾಳೆ ಅಂತ." ಫೋನಿಟ್ಟ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ಒಂದು ಊರಲ್ಲಿ ನಮ್ಮ ಹೋಗುವಿಕೆ ಬರುವಿಕೆಯನ್ನು ಯಾರಿಗಾದರೂ ವರದಿ ಮಾಡುವವರು ಇದ್ದಾರೆ ಎಂದರೆ ಆ ಊರು ನಮ್ಮದಾಯಿತು. ಅಪ್ಪ ಹುಷಾರಾದರು. ವಾಪಸು ಬಂದ ಸಂಜೆ ನಾನೇ ಹೋಗಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿಂಡಿಯಲ್ಲಿ ಹೇಳಿ ಬಂದೆ.

ಹೀಗಿರುವಾಗ ಕಲ್ಲುಕೋಣೆಗೆ ಸರ್ಕಾರದ ರಕ್ಷಣೆ ಬಂತು. ಅದು ಬರಲೇಬೇಕಿತ್ತು. ಏರ್‌ಪೋರ್ಟ್ ರಸ್ತೆಯ ಎರಡೂ ಬದಿಯಲ್ಲಿ ಲೇಔಟುಗಳು ಏಳುತ್ತಿದ್ದವು. ಕಲ್ಲು ಕಂಡರೆ ಒಡೆದು ಪಾಯಕ್ಕೆ ಹಾಕುವವರಿಗೆ ಬರವಿರಲಿಲ್ಲ. ಇಲಾಖೆಯವರು ಬಂದು ಅಳೆದರು, ಚಿತ್ರ ತೆಗೆದರು, ಅಜ್ಜಿಯನ್ನು ಕೂರಿಸಿಕೊಂಡು ವಿಚಾರಿಸಿದರು, ಅವರು ಕೊಟ್ಟ ಮಜ್ಜಿಗೆ ಕುಡಿದರು. ಸುತ್ತ ತಂತಿ ಬೇಲಿ ಬಂತು, ದನ ನುಗ್ಗದಂತೆ ತಿರುಗುವ ಗೇಟು ಬಂತು. ಅಜ್ಜಿಗೆ ಹಿಗ್ಗೋ ಹಿಗ್ಗು. "ಅಳೇರ್ಗೂ ಕಾಂಪೌಂಡ್ ಆಯ್ತು" ಎಂದು ಊರಿಗೆಲ್ಲ ಹೇಳಿಕೊಂಡು ಬಂದರು.

ಕೊನೆಗೆ ಬಂದದ್ದು ಬೋರ್ಡು. ನೀಲಿ ಬಣ್ಣ, ಬಿಳಿ ಅಕ್ಷರ, ಮನುಷ್ಯನಿಗಿಂತ ಎತ್ತರ. ಕೆಲಸ ಮುಗಿಸಿ ಬಂದು ಓದಿದೆ. ಸಂರಕ್ಷಿತ ಸ್ಮಾರಕ ಎಂದಿತ್ತು. ಹಾನಿ ಮಾಡಿದವರಿಗೆ ಶಿಕ್ಷೆ ಎಂದಿತ್ತು. ಅದರ ಕೆಳಗೆ ಹೀಗಿತ್ತು: 'ಶಿಲಾಕೋಣೆಯ ಸಮಾಧಿ. ಸ್ಥಳೀಯರು ಇದನ್ನು ಅಳುವವರ ಮನೆ ಎಂದು ಕರೆಯುತ್ತಾರೆ. ಮೃತರಿಗಾಗಿ ಬಂಧುಗಳು ಇಲ್ಲಿ ಸೇರಿ ಅಳುತ್ತಿದ್ದರೆಂದು ಪ್ರತೀತಿ.'

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ನಾನು ಉಂಡೆ ಡಬ್ಬಿ ಹಿಡಿದುಕೊಂಡು ಮಾಡಿದ ತಪ್ಪನ್ನೇ ಇವರು ಕಬ್ಬಿಣದ ಹಲಗೆಯ ಮೇಲೆ ಮಾಡಿದ್ದರು. ಅಜ್ಜಿಯ ಮಾತು ಕೇಳಿ ಬರೆದುಕೊಂಡ ಯಾರೋ ಊರಾಚೆಯವರು ಅಳೇರನ್ನು ತಿದ್ದಿ ಗ್ರಂಥಸ್ಥ ಮಾಡಿದ್ದರು. ಅದೂ ಸಾಲದು ಎಂದು ಒಂದು ಪ್ರತೀತಿಯನ್ನೂ ಹುಟ್ಟಿಸಿದ್ದರು! ಮೊಮ್ಮಗಳು ಓದಿ ಹೇಳಿದಾಗ ಅಜ್ಜಿ, "ಅಯ್ಯೋ, ನಾವ್ ಅಲ್ಲಿ ಯಾವತ್ತ್ ಅತ್ತಿದ್ವಿ?" ಎಂದು ನಕ್ಕು ಸುಮ್ಮನಾದರು. ನಾನೂ ಇರಲಿ ಎಂದು ಬಿಟ್ಟೆ, ಮೈಮೇಲೆ ಜಿರಳೆ ಹರಿದರೂ. ಬೇಲಿ ಹಾಕಿಸಿದ ಪುಣ್ಯಾತ್ಮರಿಗೆ ಒಂದು ಹಕಾರ ಮಾಫಿ ಎಂದುಕೊಂಡೆ.

ಆಮೇಲೆ ಮೊಮ್ಮಗಳ ಮದುವೆ ಗೊತ್ತಾಯಿತು. ಆ ಹೊತ್ತಿಗೆ ಅವಳು ಯಲಹಂಕದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹುಡುಗ ಮಾಕಳಿಯವನು, ಒಳ್ಳೆಯ ಮನೆತನ, ಇಬ್ಬರೂ ಒಪ್ಪಿದ್ದರು. ಅವಳ ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದುದರಿಂದ ಅವಳನ್ನು ಸಾಕಿದ್ದು ಅಜ್ಜಿಯೇ. ಅಜ್ಜಿಯ ಸಂಭ್ರಮ ಕೇಳಬೇಕೆ? ಅಪ್ಪಳ ಸಂಡಿಗೆ ಹಾಕಲು ನನ್ನ ಮಹಡಿಯ ತಾರಸಿಯನ್ನೇ ವಶಪಡಿಸಿಕೊಂಡರು. ನಾನು ಬಟ್ಟೆ ಒಣಗಿಸಲು ಜಾಗವಿಲ್ಲದೆ ಅಡುಗೆಮನೆಯಲ್ಲಿ ಹಗ್ಗ ಕಟ್ಟಿದೆ.

ವೀಳ್ಯದ ಶಾಸ್ತ್ರಕ್ಕೆ ಗಂಡಿನ ಕಡೆಯವರು ಬಂದ ದಿನ ನಾನು ಕೆಲಸದ ಮೇಲಿದ್ದೆ. ಸಂಜೆ ಬಂದರೆ ಮನೆಯಲ್ಲಿ ಸಪ್ಪೆ ಮುಖಗಳು. ನಡೆದದ್ದು ಇಷ್ಟು: ಕಾರು ನಿಲ್ಲಿಸಲು ಜಾಗವಿಲ್ಲದೆ ಅವರು ತೋಪಿನ ಪಕ್ಕ ನಿಲ್ಲಿಸಿದ್ದರು. ಇಳಿದ ಕೂಡಲೇ ಎದುರಿಗೇ ಬೋರ್ಡು. ಹುಡುಗನ ತಾಯಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿದ್ದರು. ಊಟದ ನಂತರ ಅಜ್ಜಿ ಸಂತೋಷದಲ್ಲಿ, ಅರಿಶಿನ ಹಚ್ಚಿದ ಸಂಜೆ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಪದ್ಧತಿಯ ಮಾತೆತ್ತಿದ್ದರು.

"ಅಳೋರ್ ಮನೆಗಾ?" ಎಂದು ಆಕೆ ಎದೆ ಮೇಲೆ ಕೈಯಿಟ್ಟುಕೊಂಡರಂತೆ. "ಅರಿಶಿನ ಅಚ್ಚಿದ್ ಎಣ್ಣ ಸತ್ತೋರ್ಗೆ ಅಳೋ ಜಾಗಕ್ಕೆ ಕರ್ಕಂಡೋಗ್ತೀರಾ? ನಮ್ಮನೇಗೆ ಬರೋ ಸೊಸೆ ಕಣಮ್ಮ ಅವ್ಳು. ಅದೊಂದ್ ಬ್ಯಾಡ. ಕೈ ಮುಗೀತೀನಿ."

"ಅಳೋರ್ದಲ್ಲ, ಅಳೇರ ಮನೆ" ಎಂದು ಅಜ್ಜಿ ಹೇಳಿದರು. ಆದರೆ ಆಗ ಅಲ್ಲಿದ್ದವರ ಕಿವಿಗೆಲ್ಲ ಬೋರ್ಡಿನ ಮಾತೇ ಕೇಳಿಸುತ್ತಿತ್ತು. ಮೊಮ್ಮಗಳು ಆಮೇಲೆ ಅತ್ತೆಯಾಗುವವರಿಗೆ ಫೋನಿನಲ್ಲಿ ಬಿಡಿಸಿ ಹೇಳಿದಳು, ಹ ಎಂದು ಒತ್ತಿ ಒತ್ತಿ. "ಗೌರ್ಮೆಂಟ್ನೋರು ಸುಮ್ ಸುಮ್ನೆ ಬರೀತಾರಾ ಮಗ? ನಿಮ್ಮಜ್ಜಿಗೆ ಬೇಜಾರಾಗ್ಬಾರ್ದು ಅಂತ ನೀನು ಇಂಗೆ ಏಳ್ತಿದೀಯ" ಎಂದು ಆಕೆ ಪ್ರೀತಿಯಿಂದಲೇ ಬಾಯಿ ಮುಚ್ಚಿಸಿದರು. ಮೇಲುಗಡೆಯ ಬಾಡಿಗೆಯವಳು ನಾನು ಹೇಳಿದರಂತೂ ಕೇಳುವವರು ಯಾರು? ಅಜ್ಜಿಯ ಮಗ ಜಗಳ ಬೇಡದ ಮನುಷ್ಯ. "ಬಿಡಮ್ಮ. ಬೀಗರ ಮನಸ್ಸು ಕೆಡಿಸಿ ಹೇಳೋದೇನು? ಮದ್ವೆ ಆದ್ಮೇಲೆ ಯಾವಾಗಾದ್ರೂ ಹೇಳಿದ್ರಾಯ್ತು" ಎಂದರು.

ಆಮೇಲೆ ಅಜ್ಜಿ ತಾರಸಿಯ ಸಂಡಿಗೆಯನ್ನು ತೆಗೆಯಲು ಬರಲೇ ಇಲ್ಲ, ಕಾಗೆಗಳು ತಿಂದವು. ಮೊಮ್ಮಗಳಿಗೆ ನೋಡಲಾಗಲಿಲ್ಲ. "ಅಜ್ಜಿ, ಈಗ್ಲೇ ಇಬ್ರೂ ಹೋಗಿ ಹೇಳ್ಬಿಟ್ಟು ಬರೋಣ್ವಾ? ಅವ್ರಿಗೆ ಗೊತ್ತಾಗಲ್ಲ" ಎಂದಳು ಒಂದು ಸಂಜೆ, ನನ್ನೆದುರೇ.

"ಕದ್ದು ಏಳಿದ್ರೆ ಏಳ್ದಂಗಾ?" ಎಂದರು ಅಜ್ಜಿ. "ನಂಗೆ ಈ ಮನೆ ನಿಂದು ಅಂದ ಜಾಗ ಅದು. ಅಲ್ಲಿಗೆ ಕಳ್ಳರಂಗೆ ಓಗ್ಲಾ? ನಿನ್ನ ಏಳ್ದೆ ಕಳ್ಸಿದ್ರೆ ನಾನು ಆಮ್ಯಾಕೆ ಯಾವ ಮುಖ ಇಟ್ಕಂಡು ಅಲ್ಲಿಗೆ ಓಗ್ಲಿ ಮಗ?"

ನನ್ನ ತಲೆ ಬಿಸಿಯಾಯಿತು. ಮಾರನೆಯ ದಿನ ಇಲಾಖೆಗೆ ಫೋನು ಮಾಡಿದೆ. ಆ ಕಡೆಯವರು ಸೌಮ್ಯವಾಗಿ ಮಾತಾಡಿದರು. ಸೌಮ್ಯವಾಗಿ ಮಾತಾಡುವವರ ಜೊತೆ ಜಗಳ ಆಡುವುದು ಬಹಳ ಕಷ್ಟ.

"ಮೇಡಂ, ಅಲ್ಲಿಯ ಹಿರಿಯ ಮಹಿಳೆಯ ಬಾಯಿಂದಲೇ ಕೇಳಿ ಬರೆದದ್ದು."

"ಕೇಳಿದ್ದೇನೋ ಖರೇರಿ. ಆದ್ರ ಕೇಳಿಸ್ಕೊಂಡಿಲ್ಲ ನೀವು."

"ಬೋರ್ಡು ಬದಲಿಸೋಕೆ ಮೇಲಿನಿಂದ ಒಪ್ಪಿಗೆ ಬರಬೇಕು ಮೇಡಂ. ಖಂಡಿತ ಮಾಡೋಣ."

"ಮದ್ವಿ ಮುಂಚೆ ಆಗ್ತದೇನ್ರಿ?"

"ಯಾರ ಮದುವೆ ಮೇಡಂ?" ಎಂದು ಅವರು ಗಾಬರಿಯಿಂದ ಕೇಳಿದರು. ನಾನು ಫೋನಿಟ್ಟೆ.

ಆ ದಿನ ಸಂಜೆ ಮುದ್ರಣಾಲಯದಿಂದ ನೀಲಿ, ಬಿಳಿ ಬಣ್ಣದ ಡಬ್ಬಿ, ಸಣ್ಣ ಕುಂಚ ತಂದು ಬೋರ್ಡಿನ ಮುಂದೆ ನಿಂತೆ. 'ಅಳುವವರ' ಎಂಬಲ್ಲಿ ಎರಡಕ್ಷರ ಅಳಿಸಿ ಎರಡಕ್ಷರ ತಿದ್ದಿದರೆ ಮುಗಿಯಿತು. ಬದುಕಿಡೀ ಅದನ್ನೇ ಮಾಡಿದವಳು. ಆದರೆ ಹಾನಿ ಮಾಡಿದವರಿಗೆ ಶಿಕ್ಷೆ ಎಂಬ ಸಾಲು ಮೇಲಿನಿಂದ ನನ್ನನ್ನೇ ನೋಡುತ್ತಿತ್ತು. ಆ ಸಾಲಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಮೇಲಾಗಿ ಬಣ್ಣ ಒಣಗುವ ಮೊದಲೇ ಬೀಗಿತ್ತಿಗೆ ಗೊತ್ತಾದರೆ ಹುಡುಗಿಯ ಕಡೆಯವರು ಬೋರ್ಡನ್ನೇ ತಿದ್ದಿಸಿದರು ಎಂಬ ಹೆಸರು ಬರುತ್ತದೆ. ಡಬ್ಬಿ ಹಿಡಿದುಕೊಂಡು ವಾಪಸು ಬಂದೆ. ಈ ಜಾಗಕ್ಕೆ ನಾನು ತೆಗೆದುಕೊಂಡು ಹೋಗುವ ಡಬ್ಬಿಗಳ ಹಣೆಬರಹವೇ ಅಷ್ಟು.

ಮದುವೆಯ ಹಿಂದಿನ ದಿನ ಬಂತು. ಮನೆ ಮುಂದೆ ಚಪ್ಪರ, ಹೊಂಗೆ ಸೊಪ್ಪಿನ ವಾಸನೆ, ಒಳಗೆ ಒಬ್ಬಟ್ಟಿನ ಹೂರಣ. ನಾನು ರಜೆ ಹಾಕಿ ತೆಂಗಿನಕಾಯಿ ತುರಿಯುತ್ತಿದ್ದೆ. ಮಧ್ಯಾಹ್ನ ಅರಿಶಿನದ ಶಾಸ್ತ್ರವಾಯಿತು. ಹುಡುಗಿಯ ಕೆನ್ನೆಗೆ ಅಜ್ಜಿ ಅರಿಶಿನ ಹಚ್ಚುವಾಗ ಅವರ ಕಣ್ಣು ಕಿಟಕಿಯ ಕಡೆಗೆ, ತೋಪಿನ ಕಡೆಗೆ ಹೋಗಿ ಹೋಗಿ ಬರುತ್ತಿತ್ತು. ಹುಡುಗಿ ಅಳುವುದಿಲ್ಲ ಎಂದು ಹಟ ಹಿಡಿದವಳ ಹಾಗೆ ತುಟಿ ಬಿಗಿದು ಕೂತಿದ್ದಳು.

ಹೊತ್ತು ಇಳಿಯುವ ಮುಂಚೆ ಗಂಡಿನ ಮನೆಯಿಂದ ಧಾರೆಯ ಸೀರೆ ತೆಗೆದುಕೊಂಡು ಹುಡುಗನ ತಾಯಿ ಬಂದರು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಜಗಳಗಂಟಿ ಇರಬೇಕೆಂದು ತೀರ್ಮಾನ ಮಾಡಿಕೊಂಡಿದ್ದೆ. ನೋಡಿದರೆ ದುಂಡು ಮುಖದ, ಬಾಯ್ತುಂಬ ನಗುವ, ಬಂದವಳೇ ಸೆರಗು ಸಿಕ್ಕಿಸಿಕೊಂಡು ಒಬ್ಬಟ್ಟಿನ ಹಿಟ್ಟು ನಾದಲು ಕೂರುವಂಥ ಹೆಂಗಸು. ಹೊಸ ಸೀರೆಯನ್ನು ಎಲ್ಲರಿಗೂ ತೋರಿಸಿದ ಮೇಲೆ ಆಕೆ ಚೀಲದಿಂದ ಇನ್ನೊಂದನ್ನು ತೆಗೆದರು. ಮಾಸಿದ ಕೆಂಪು, ಅಂಚಿನಲ್ಲಿ ಜರಿ ಕಪ್ಪಾಗಿತ್ತು. ಅದನ್ನು ಹುಡುಗಿಯ ಮಡಿಲಿಗಿಟ್ಟು, ಹಿಟ್ಟಿಗೆ ಕೈಹಾಕುತ್ತಾ ಸ್ವಲ್ಪ ಸಂಕೋಚದಿಂದ ಹೇಳಿದರು:

"ನಮ್ಮತ್ತೆ ಧಾರೇಲಿ ಉಟ್ಟಿದ್ದು, ಆಮ್ಯಾಕೆ ನಾನುಟ್ಟೆ. ಅಳೇ ಸೀರೆ ಮಗ, ಬೇಜಾರ್ ಮಾಡ್ಕಬ್ಯಾಡ."

ನನ್ನ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಬಾಯಿ ಮಾತ್ರ ನಿಲ್ಲಲಿಲ್ಲ.

"ಅಳೋ ಸೀರಿ ಏನ್ರಿ ಅದು? ಮದ್ವಿ ಮನ್ಯಾಗ ಅಳೋ ಸೀರಿ ಯಾಕ್ ತಂದ್ರಿ?"

ಚಪ್ಪರದಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಅಜ್ಜಿಯ ಮಗ ಇವಳ ಬಾಯಿಗೆ ಯಾರಾದರೂ ಹೂರಣ ತುರುಕಬಾರದೇ ಎಂಬಂತೆ ನೋಡಿದರು. ಹುಡುಗನ ತಾಯಿಗೆ ಸಿಟ್ಟು ಬಂತು. "ಅಳೋದಲ್ಲ ಕಣ್ರೀ! ಅಳೇ ಸೀರೆ! ನಮ್ಮತ್ತೆ ಕಾಲದ್ದು, ಅಳೇದು!"

"ಹಂಗಾದ್ರ ಅಳೇ ಸೀರಿ ಅಂದ್ರ ಅಳೋ ಸೀರಿ ಅಲ್ಲ?"

"ಅಲ್ಲ!"

"ಮತ್ತ ಅಳೇರ ಮನಿ?"

ಆಕೆಯ ಹಿಟ್ಟು ಮೆತ್ತಿದ ಕೈ ಗಾಳಿಯಲ್ಲೇ ಉಳಿಯಿತು. ತಮ್ಮ ಬಾಯಲ್ಲಿ ಬಂದ ಮಾತನ್ನು ಅವರು ಮೊದಲ ಸಲ ತಾವೇ ಕೇಳಿಸಿಕೊಳ್ಳುತ್ತಿದ್ದರು. ಮಾಕಳಿಯಾದರೇನು, ಚಿಕ್ಕಜಾಲವಾದರೇನು, ಹುಟ್ಟಿದಾಗಿನಿಂದ ಇಬ್ಬರೂ ಆಡಿದ್ದು ಒಂದೇ ಕನ್ನಡ. ನಡುವೆ ಒಂದು ನೀಲಿ ಬೋರ್ಡು ನಿಂತಿತ್ತು, ಅಷ್ಟೆ.

"ಅಂಗಾದ್ರೆ ಅದು..." ಎಂದು ಅಜ್ಜಿಯ ಕಡೆ ತಿರುಗಿದರು. "ಅಳೇ ಕಾಲ್ದೋರಾ? ಇರೀಕ್ರಾ?"

"ಅದೇ ಅಲ್ವೇನವ್ವ ನಾನು ಅವತ್ತಿಂದ ಏಳ್ತಿರೋದು!" ಅಜ್ಜಿಯ ದನಿ ಒಡೆಯಿತು. "ಎಣ್ಣು ಒಂಟವಳೆ ಅಂತ ಅವ್ರ್ಗೊಂದ್ ಮಾತು ಏಳೋದು. ಇನ್ನೇನಿಲ್ಲ."

ಹುಡುಗನ ತಾಯಿ ಜೋರಾಗಿ ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಹಣೆ ಚಚ್ಚಿಕೊಂಡು ಹಣೆಯೆಲ್ಲ ಹಿಟ್ಟಾಯಿತು. "ಅಯ್ಯೋ ನನ್ ಬುದ್ಧಿಗಿಷ್ಟು! ಇರೀಕ್ರಿಗೆ ಏಳ್ದೆ ನಾವಾದ್ರೂ ಮದ್ವೆ ಮಾಡ್ತೀವಾ? ಏಳಿ ಏಳಿ, ಬೆಳಕಿರೋವಾಗ್ಲೇ ಓಗ್ಬರೋಣ. ನಾನೂ ಬತ್ತೀನಿ."

ನಮ್ಮ ಮೆರವಣಿಗೆ ಹೊರಟಿತು. ಮುಂದೆ ಅಜ್ಜಿ, ಅವರ ಕೈ ಹಿಡಿದು ಅರಿಶಿನದ ಮುಖದ ಹುಡುಗಿ, ಹಿಂದೆ ನಾವು. ಅಜ್ಜಿಯ ನಡಿಗೆ ನೋಡಿದರೆ ಮೊಣಕಾಲು ನೋವೆಂದು ಮುಲಾಮು ತರಿಸಿದವರು ಇವರೇನಾ ಎನಿಸುತ್ತಿತ್ತು. ಬೋರ್ಡಿನ ಮುಂದೆ ಹಾಯುವಾಗ ಹುಡುಗನ ತಾಯಿ ಅದರ ಕಡೆ ಮೂತಿ ತಿರುಗಿಸಿದರು. ಗೇಟು ತಿರುಗಿಸಿಕೊಂಡು ಒಬ್ಬೊಬ್ಬರಾಗಿ ಒಳಗೆ ಹೋದೆವು. ಹಿಂದಿನಿಂದ ಬರುತ್ತಿದ್ದ ಇಳಿಬಿಸಿಲಿನಲ್ಲಿ ನಮ್ಮ ನೆರಳು ಬೇಲಿಯವರೆಗೂ ಚಾಚಿತ್ತು. ತಲೆಯ ಮೇಲೆ ವಿಮಾನವೊಂದು ಚಕ್ರ ಬಿಟ್ಟುಕೊಂಡು ಇಳಿಯುತ್ತಿತ್ತು. ಅದರ ಸದ್ದು ಅಡಗುವವರೆಗೆ ಅಜ್ಜಿ ಕಾದರು. ಮಾತು ಸರಿಯಾಗಿ ಕೇಳಿಸಬೇಕಲ್ಲ.

ಆಮೇಲೆ ಕಿಂಡಿಯ ಬಳಿ ಬಗ್ಗಿ ಹೇಳಿದರು. "ನಮ್ ಮಗು ಒಂಟವಳೆ. ದೂರ ಏನಲ್ಲ, ಮಾಕಳಿ. ಒಳ್ಳೇ ಜನ. ಓಗಿ ಬತ್ತಾಳೆ." ಮೊಮ್ಮಗಳು ಬಗ್ಗಿ ಕಿಂಡಿಯ ಅಂಚು ಹಿಡಿದು, "ಹೋಗಿ ಬರ್ತೀನಿ" ಎಂದಳು. ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ನೋಡುವ ಹುಡುಗಿ, ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡಳು. ಅವಳ ಅರಿಶಿನ ಕಲ್ಲಿಗೂ ಸ್ವಲ್ಪ ಅಂಟಿತು. ಅಜ್ಜಿಯ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ನೋಡಿ ನನಗೆ ನನ್ನ ಬಾಯಿಯ ಬಗ್ಗೆ ಮೊದಲ ಬಾರಿಗೆ ಹೆಮ್ಮೆಯಾಯಿತು.

ಮುಗಿಯಿತೆಂದು ನಾವು ಹೊರಡಬೇಕು, ಹುಡುಗನ ತಾಯಿ ಮಾತ್ರ ಕದಲಲಿಲ್ಲ. ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ನಗು ಮುಖದಿಂದ ಹೋಗಿತ್ತು.

"ನಮ್ಮೂರಲ್ಲೂ ಇಂತವು ಇದ್ವು ಕಣಮ್ಮ" ಎಂದರು ಅಜ್ಜಿಗೆ. "ಕೆರೆ ಇಂದ್ಗಡೆ ಸಾಲಾಗಿದ್ವು. ನಾವ್ ಚಿಕ್ಕೋರಿದ್ದಾಗ ಅಲ್ಲೇ ಆಡ್ತಿದ್ವಿ. ಏನಂತ ಕರೀತಿದ್ರೋ, ನಂಗೆ ನೆನಪೇ ಇಲ್ಲ. ಲೇಔಟ್ ಮಾಡ್ದಾಗ ಎಲ್ಲಾ ಒಡ್ದಾಕಿದ್ರು. ಒಂದೂ ಉಳೀಲಿಲ್ಲ." ಕಿಂಡಿಯ ಕಡೆ ನೋಡುತ್ತಾ ಕೇಳಿದರು: "ನನ್ ಮಗಂದೂ ಮದ್ವೆ ಅಲ್ವಾ. ನಮ್ಮೋರಿಗೆ ಏಳಾಕೆ ಈಗ ಜಾಗ ಇಲ್ಲ. ಇವ್ರೂ ಅವ್ರೂ ಒಂದೇ ಕಾಲ್ದೋರು, ಗೊತ್ತಿದ್ದೋರೇ ಇರ್ಬೇಕು. ನಾನ್ ಇಲ್ಲೇ ಏಳುದ್ರೆ ಅವ್ರ್ಗೆ ಮುಟ್ತದಾ?"

ಅಜ್ಜಿ ಏನೂ ಯೋಚಿಸಲಿಲ್ಲ. ಪಕ್ಕಕ್ಕೆ ಸರಿದು ಆಕೆಗೆ ಜಾಗ ಬಿಟ್ಟು, ಕಿಂಡಿಗೆ ಬಾಯಿಟ್ಟು ಸ್ವಲ್ಪ ಜೋರಾಗಿಯೇ ಕೂಗಿ ಹೇಳಿದರು:

"ನೋಡಿ, ಬೀಗ್ರು ಬಂದವ್ರೆ. ಅವ್ರೂ ಒಂದ್ ಮಾತು ಏಳ್ಬೇಕಂತೆ. ವಸಿ ಕೇಳಿಸ್ಕಳಿ."